ಎರಡು ಬಾಗಿಲಿನ ಕಿಂಡಿ

ಒದ್ದೆ ಉಣ್ಣೆ ಒಣಗುವ ವಾಸನೆಯನ್ನು ಯಾರಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ನೆನೆದ ಕುರಿಯನ್ನು ತಂದು ಒಲೆಯ ಪಕ್ಕ ಕಟ್ಟಿದ ಹಾಗಿರುತ್ತದೆ. ಕಳೆದ ವಾರ ನಮ್ಮ ಹೊಸ ಡಾಗಿಸ್‌ನಲ್ಲಿ ಮಕ್ಕಳ ಕೈಗವಸುಗಳನ್ನು ಒಣಗಿಸುವ ಕಪಾಟು ತೆಗೆದೆ. ಆ ವಾಸನೆ ಮುಖಕ್ಕೆ ಬಡಿದದ್ದೇ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟೆ. ಹಿಂದೆ ಬಂದ ಸಹೋದ್ಯೋಗಿ ಏನಾಯಿತೆಂದು ಕೇಳಿದಳು. ಏನಿಲ್ಲ ಎಂದೆ. ಅವಳು ಈ ವರ್ಷ ಸೇರಿದವಳು, ಹಳೆಯ ಮನೆ ನೋಡಿಲ್ಲ.

ಡಾಗಿಸ್ ಎಂದರೆ ಇಲ್ಲಿಯ ಶಿಶುವಿಹಾರ. ನಾನು ಅದರ ಅಡುಗೆಯವಳು. ನನ್ನ ಗಂಡ ಗಿರೀಶ ಎಸ್ಕಿಲ್‌ಸ್ಟುನಾದಲ್ಲಿ ಮಣ್ಣು ತೋಡುವ ಯಂತ್ರಗಳ ಕಾರ್ಖಾನೆಗೆ ಹೋಗುತ್ತಾನೆ. ಬಾಡಿಗೆ ಹಗುರವೆಂದು ರೈಲುದಾರಿಯ ಮೇಲಿರುವ ಈ ಸಣ್ಣ ಊರಿಗೆ ಬಂದವರು ಹಾಗೆಯೇ ಇಲ್ಲಿಯವರಾದೆವು. ಊರಿನ ಕೊನೆಗೆ, ಸರೋವರದ ಕಡೆ ಬೆನ್ನು ಮಾಡಿ ನಿಂತ ಹಳದಿ ಗಾರೆಯ ಎರಡಂತಸ್ತಿನ ಕಟ್ಟಡವೊಂದಿದೆ. ಊರವರು ಅದನ್ನು ‘ಲೆಕ್ಕದ ಮನೆ’ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಯಾವುದೋ ವಿಮೆಯ ಲೆಕ್ಕದ ಕಚೇರಿ ಇತ್ತಂತೆ. ಆಮೇಲೆ ಸಂಗೀತಶಾಲೆ, ಆಮೇಲೆ ಗ್ರಂಥಾಲಯದ ಗೋದಾಮು, ಕೊನೆಗೆ ನಮ್ಮ ಡಾಗಿಸ್. ಅಲ್ಲಿ ನಾವು ಕಳೆದ ಕೊನೆಯ ವರ್ಷವನ್ನು ನೆನೆದರೆ ಈಗಲೂ ನನಗೆ ಹಿತವಾಗುತ್ತದೆ.

ಆ ಮನೆಗೆ ಎರಡು ವಿಶೇಷಗಳಿದ್ದವು. ಒಂದು, ಮಕ್ಕಳು ಮಲಗುವ ಕೋಣೆ. ಅಲ್ಲಿ ಎಂಥ ಹಟಮಾರಿ ಮಗುವೂ ಬೇಗ ನಿದ್ದೆ ಹೋಗುತ್ತಿತ್ತು. ಪಕ್ಕದ ಮೊಗಸಾಲೆಯಲ್ಲಿ ಡೋಲು ಬಡಿದರೂ ಒಳಗೆ ಕೇಳುತ್ತಿರಲಿಲ್ಲ. ಮಳೆಗಾಲದಲ್ಲಿ ಮಾತ್ರ ಅಲ್ಲಿಯ ಗೋಡೆಗಳಿಂದ ಒದ್ದೆ ಉಣ್ಣೆಯ ವಾಸನೆ ಬರುತ್ತಿತ್ತು. ಮಕ್ಕಳ ಟೊಪ್ಪಿಗಳದ್ದೆಂದು ನಾವು ಅವನ್ನೇ ಮತ್ತೆ ಮತ್ತೆ ಒಗೆಯುತ್ತಿದ್ದೆವು.

ಎರಡನೆಯದು ನನ್ನ ಕಿಂಡಿ. ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಗೂಡು, ಎರಡೂ ಕಡೆ ಒಂದೊಂದು ಪುಟ್ಟ ಮರದ ಬಾಗಿಲು. ನನ್ನ ಕಡೆಯದು ತೆರೆದಿದ್ದರೆ ಆ ಕಡೆಯದು ತೆರೆಯುವುದಿಲ್ಲ, ಆ ಕಡೆಯದು ತೆರೆದಿದ್ದರೆ ನನ್ನದು ಜಗ್ಗುವುದಿಲ್ಲ. ಒಳಗೆ ಮರದ ಅಗುಳಿಯೊಂದು ಅತ್ತಿಂದಿತ್ತ ಸರಿಯುತ್ತಿತ್ತು. ಬಿಸಿ ಪಾತ್ರೆ ಹಿಡಿದು ನಿಂತವಳಿಗೆ ಇದು ಎಂಥ ಪೀಡೆ ಎಂದು ಹೇಳಬೇಕಾಗಿಲ್ಲ. ಆದರೂ ಸೇರಿದ ಮೊದಲ ವಾರವೇ ಇದಕ್ಕೊಂದು ಅರ್ಥ ಹಚ್ಚಿಬಿಟ್ಟಿದ್ದೆ. ಚನ್ನಪಟ್ಟಣದ ನನ್ನ ಅಜ್ಜಿ ಮಡಿಯುಟ್ಟು ಅಡುಗೆಗೆ ನಿಂತರೆ ನಾವು ಹೊಸ್ತಿಲು ದಾಟುವಂತಿರಲಿಲ್ಲ. ಅವರು ಪಾತ್ರೆಯನ್ನು ಹೊಸ್ತಿಲ ಬಳಿ ಇಟ್ಟು ಹಿಂದೆ ಸರಿದ ಮೇಲೆಯೇ ನಾವು ಎತ್ತಿಕೊಳ್ಳಬೇಕು. ಇವರಲ್ಲೂ ಯಾವುದೋ ಕಾಲದಲ್ಲಿ ಅಂಥದ್ದು ಇದ್ದಿರಬೇಕು ಎಂದುಕೊಂಡೆ.

ಮನೆಯಲ್ಲಿ ಹೇಳಿದಾಗ ಮಗಳು ಮೇಘನಾ ಬಿದ್ದು ಬಿದ್ದು ನಕ್ಕಳು. “ಸ್ವೀಡನ್‌ನಲ್ಲಿ ಮಡೀನಾ? ಅಮ್ಮ, ಸೀರಿಯಸ್ಲಿ?”

“ಚಳಿ ತಡೆಯೋಕೆ ಇರತ್ತೆ ಕಣೆ, ಏರ್‌ಲಾಕ್ ಥರ,” ಎಂದ ಗಿರೀಶ. ಯಾವುದನ್ನು ತೋರಿಸಿದರೂ ಅವನಿಗೆ ಒಂದು ಯಂತ್ರ ಕಾಣುತ್ತದೆ.

ಗುರುವಾರ ಈ ದೇಶವೆಲ್ಲ ಬಟಾಣಿ ಸೂಪು ಮತ್ತು ಪ್ಯಾನ್‌ಕೇಕ್ ತಿನ್ನುತ್ತದೆ. ನಮ್ಮಲ್ಲಿ ಸೋಮವಾರ ಉಪವಾಸ ಇದ್ದ ಹಾಗೆ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಗುರುವಾರದ ಊಟಕ್ಕೆ ಪಕ್ಕದ ವೃದ್ಧಾಶ್ರಮದಿಂದ ಕೆಲವರು ನಮ್ಮಲ್ಲಿಗೆ ಬರುತ್ತಿದ್ದರು. ಮಕ್ಕಳಿಗೂ ಹಿರಿಯರಿಗೂ ಒಳ್ಳೆಯದೆಂದು ನಮ್ಮ ಮುಖ್ಯಸ್ಥೆ ಮಾಡಿದ ಏರ್ಪಾಟು. ಅವರಲ್ಲಿ ಎಲ್ಲರಿಗಿಂತ ಹಿರಿಯರು ಗುನ್ವೋರ್. ನೂರಕ್ಕೆ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ, ಕೋಲು ಹಿಡಿದರೂ ಬೆನ್ನು ನೆಟ್ಟಗೆ. ಸ್ವೀಡಿಷಿನಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’. ಆದರೆ ಕನ್ನಡದಲ್ಲಿ ಅವರನ್ನು ಹಾಗೆ ಬರೆಯಲು ನನ್ನ ಕೈ ಬಾರದು.

ಗುನ್ವೋರ್ ಯಾವಾಗಲೂ ಕಿಂಡಿಯ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು. ಉಳಿದವರೆಲ್ಲ ಕಿಂಡಿಯ ಬಾಗಿಲನ್ನು ಎಳೆದಾಡಿ, ತೆರೆಯದೆ ಗೊಣಗುತ್ತಿದ್ದರೆ ಇವರು ಮಾತ್ರ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಕಾಯುತ್ತಿದ್ದರು. ನಾನು ತಟ್ಟೆ ಇಟ್ಟು, ನನ್ನ ಬಾಗಿಲು ಮುಚ್ಚಿ, ಎರಡು ಸಲ ಬಡಿದರೆ ಆಮೇಲೆ ತೆಗೆಯುತ್ತಿದ್ದರು. ನೋಡನೋಡುತ್ತ ಮಕ್ಕಳೂ ಕಲಿತವು. ಗುರುವಾರ ಬಂತೆಂದರೆ ಟಕ್‌ ಟಕ್, ಟಕ್‌ ಟಕ್. ಇನ್ನೊಂದು ಅಭ್ಯಾಸವಿತ್ತು ಅವರಿಗೆ: ಪ್ಯಾನ್‌ಕೇಕನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಒಂದರ ಪಕ್ಕ ಒಂದು ಅಂಚಿಗೆ ಅಂಚು ಕೂಡಿಸಿ ಬೆರಳಿನಿಂದ ಒತ್ತಿ, ಆಮೇಲೆ ತಿನ್ನುವುದು. ಮಕ್ಕಳು ಅದನ್ನೂ ಕಲಿತು ಕೈಯೆಲ್ಲ ಜಾಮು ಮಾಡಿಕೊಂಡವು.

“ಈ ವಾರ ಸೂಪಿಗೆ ಏನೋ ಹಾಕಿದ್ದೀಯ,” ಎಂದು ಒಮ್ಮೆ ನನ್ನನ್ನು ಹಿಡಿದರು.

“ಇಂಗು. ಒಂದು ಚಿಟಿಕೆ.”

“ಔಷಧಿಯಾ?”

“ಬಟಾಣಿಗೆ ಒಳ್ಳೆಯದು. ಹೊಟ್ಟೆ ಉಬ್ಬರ ಬರುವುದಿಲ್ಲ.”

ಇನ್ನೊಂದು ಚಮಚ ತಿಂದು, “ತಪ್ಪು ಅಂತ ನಾನು ಹೇಳಲಿಲ್ಲ,” ಎಂದರು.

ಆ ಅಕ್ಟೋಬರಿನಲ್ಲಿ ಸುದ್ದಿ ಬಂತು. ಬೇಸಿಗೆಗೆ ನಮಗೆ ಹೊಸ ಕಟ್ಟಡ ಸಿದ್ಧವಾಗುತ್ತದೆ. ಕೊಮ್ಯೂನ್, ಎಂದರೆ ನಮ್ಮ ಊರಿನ ಆಡಳಿತ, ಹಳದಿ ಮನೆಯ ಒಳಗೋಡೆಗಳನ್ನು ತೆಗೆಸಿ ದೊಡ್ಡ ಸಭಾಂಗಣ ಮಾಡಿಸುತ್ತದೆ. ಅದಕ್ಕೆ ಮೊದಲು ನಿಯಮದಂತೆ ಒಮ್ಮೆ ನೋಡಿಹೋಗಲು ವಸ್ತುಸಂಗ್ರಹಾಲಯದಿಂದ ಯೊಹಾನ್ನಾ ಎಂಬ ಹುಡುಗಿ ಬಂದಳು. ಹಳೆಯ ಕಟ್ಟಡಗಳನ್ನು ಓದುವುದು ಅವಳ ಕೆಲಸ. ಮಂಡಿಯೂರಿ ನೆಲ ನೋಡಿದಳು, ಹಿಡಿಕೆಗಳ ಚಿತ್ರ ತೆಗೆದಳು, ಕೊನೆಗೆ ಹಸಿದು ನನ್ನ ಅಡುಗೆಮನೆಗೆ ಬಂದಳು.

ಯುದ್ಧದ ವಿಷಯ ನನಗೆ ಮೊದಲು ತಿಳಿದದ್ದು ಅವಳಿಂದಲೇ. ಆಗ ಸ್ವೀಡನ್ ಯಾರ ಕಡೆಗೂ ಇರಲಿಲ್ಲ. ಆದರೆ ನಾರ್ವೆಯನ್ನು ಹಿಡಿದಿದ್ದ ಜರ್ಮನ್ನರ ತಂತಿ ಸಂದೇಶಗಳು ಇಲ್ಲಿಯ ನೆಲದ ತಂತಿಗಳಲ್ಲೇ ಹರಿಯುತ್ತಿದ್ದವು. ಗುಪ್ತಭಾಷೆಯಲ್ಲಿದ್ದ ಅವನ್ನು ಇವರು ಸದ್ದಿಲ್ಲದೆ ಕೇಳಿಸಿಕೊಂಡು ಬಿಡಿಸಿದರು. ಬಿಡಿಸುವ ದಾರಿ ಕಂಡುಹಿಡಿದ ಗಣಿತಜ್ಞರ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಹಗಲೂ ರಾತ್ರಿ ಕೂತು ಸಂದೇಶಗಳನ್ನು ಓದುವಂತೆ ಮಾಡಿಕೊಟ್ಟ ಹುಡುಗಿಯರ ಕಥೆ ಯಾರಿಗೂ ಗೊತ್ತಿಲ್ಲ.

“ವಿಮೆ ಕಚೇರಿ ಅನ್ನೋದು ಬರೀ ಬೋರ್ಡು ಅಂತ ನನ್ನ ಅನುಮಾನ,” ಎಂದಳು ಯೊಹಾನ್ನಾ, ಬ್ರೆಡ್ಡಿಗೆ ಬೆಣ್ಣೆ ಬಳಿಯುತ್ತ. “ಮನೆಯನ್ನು ಸೈನ್ಯ ಬಾಡಿಗೆಗೆ ಹಿಡಿದಿದ್ದಕ್ಕೆ ಆಧಾರ ಇದೆ, ಒಳಗೆ ಏನು ನಡೀತು ಅನ್ನೋದಕ್ಕೆ ಇಲ್ಲ. ಎಲ್ಲ ಸುಟ್ಟಿದ್ದಾರೆ. ಯಾವ ಗೋಡೆ ಆ ಕಾಲದ್ದು, ಯಾವ ಕೋಣೆಯಲ್ಲಿ ಯಾವ ಕೆಲಸ ಅಂತ ಗೊತ್ತಾಗದೆ, ಒಳಗಿನದನ್ನು ಉಳಿಸಿ ಅಂತ ನಾನು ಹೇಗೆ ಬರೀಲಿ? ಮೇಲಿನ ಹಳದಿ ಬಣ್ಣ ಉಳಿಯತ್ತೆ, ಅಷ್ಟೆ. ಇದೇನು?”

ಅವಳ ಕೈ ನನ್ನ ಕಿಂಡಿಯ ಮೇಲಿತ್ತು.

“ಅದು ಊಟ ಬಡಿಸೋ ಕಿಂಡಿ,” ಎಂದೆ, ಮಡಿಯ ವಿಷಯವೆಲ್ಲ ನುಂಗಿಕೊಂಡು. ಅಡುಗೆಯವಳೇ ಹೇಳಿದ ಮೇಲೆ ಅವಳೂ ನಂಬಿ ಮುಂದೆ ಹೋದಳು.

ನವೆಂಬರು, ಡಿಸೆಂಬರು ಹಾಗೇ ಜಾರಿದವು. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆಯುವಷ್ಟರಲ್ಲಿ ಕತ್ತಲು. ಲೂಸಿಯಾ ಎಂಬ ದೀಪದ ಹಬ್ಬಕ್ಕೆ ಕೇಸರಿ ಹಾಕಿ ಬನ್ನು ಸುಟ್ಟೆ. ನಮ್ಮ ಮನೆಯ ಕೇಸರಿಬಾತಿಗೆ ಎಂದು ಊರಿನಿಂದ ತಂದಿದ್ದ ಡಬ್ಬಿಯೇ ಅಲ್ಲಿ ಖಾಲಿಯಾಯಿತು. ಜನವರಿಯ ಒಂದು ಗುರುವಾರ ಹಿಮ ಕರಗಿ ತೇವಕ್ಕೆ ಮರ ಉಬ್ಬಿ ಕಿಂಡಿ ಕಚ್ಚಿಕೊಂಡಿತು. ನಾನು ಈ ಕಡೆಯಿಂದ ತಳ್ಳಿದೆ, ಆ ಕಡೆಯಿಂದ ಮುಖ್ಯಸ್ಥೆ ಎಳೆದಳು. ಆಗಲಿಲ್ಲ. ಕೈ ಒರೆಸಿಕೊಂಡು ಊಟದ ಕೋಣೆಗೆ ಸುತ್ತಿ ಹೋಗುವಷ್ಟರಲ್ಲಿ ಗುನ್ವೋರ್ ಎದ್ದು ನಿಂತಿದ್ದರು. ಕಿಂಡಿಯ ಮೇಲುಪಟ್ಟಿಯ ಹಿಂದೆ, ಯಾರಿಗೂ ಕಾಣದ ಜಾಗಕ್ಕೆ ಬೆರಳು ತೂರಿಸಿ ಏನನ್ನೋ ಒತ್ತಿದರು. ಅಗುಳಿ ಕಟ್ ಎಂದು ಬಿಟ್ಟುಕೊಂಡಿತು.

ಮುಖ್ಯಸ್ಥೆ ಮಕ್ಕಳ ಕಡೆ ತಿರುಗಿಯಾಗಿತ್ತು, ನೋಡಲಿಲ್ಲ. ನಾನು ನೋಡಿದೆ. ಅಲ್ಲೊಂದು ಗುಂಡಿ ಇದೆಯೆಂದು ಇಷ್ಟು ವರ್ಷ ದಿನಾ ಅದರೊಂದಿಗೆ ಗುದ್ದಾಡಿದ ನನಗೇ ಗೊತ್ತಿರಲಿಲ್ಲ.

“ಗುನ್ವೋರ್, ನೀವು ಇಲ್ಲಿ ಕೆಲಸ ಮಾಡ್ತಿದ್ರಾ?” ಎಂದು ಮೆಲ್ಲಗೆ ಕೇಳಿದೆ.

ಅವರು ಕೂತು, ಕರವಸ್ತ್ರ ಬಿಡಿಸಿ ತೊಡೆಯ ಮೇಲೆ ಹಾಸಿಕೊಂಡರು. “ಇವತ್ತು ಸೂಪಿಗೆ ಉಪ್ಪು ಕಡಿಮೆ,” ಎಂದರು.

ಉಪ್ಪು ಸರಿಯಾಗಿಯೇ ಇತ್ತು.

ಆ ಸಂಜೆ ಚಪಾತಿ ಲಟ್ಟಿಸುತ್ತ ಇದನ್ನು ಮನೆಯಲ್ಲಿ ಹೇಳಿದೆ. “ಹಾಗಿದ್ರೆ ಆ ಮ್ಯೂಸಿಯಂ ಹುಡುಗಿಗೆ ಒಂದು ಮೆಸೇಜ್ ಹಾಕು, ಮುಗೀತು,” ಎಂದ ಗಿರೀಶ. “ಗೋಡೆ ಒಡೆದ ಮೇಲೆ ಹೇಳಿ ಏನ್ ಪ್ರಯೋಜನ?”

“ಅವರಿಗೇ ಹೇಳೋಕೆ ಇಷ್ಟ ಇಲ್ವಲ್ರೀ.”

“ಯುದ್ಧ ಮುಗಿದು ಯಾವ ಕಾಲ ಆಯ್ತು. ಈಗ್ ಯಾರ್ ಕೇಳ್ತಾರೆ?”

ಮೇಘನಾ ಫೋನಿನಿಂದ ತಲೆ ಎತ್ತದೆ, “ಶೀ ಈಸ್ ಲೈಕ್ ಹಂಡ್ರೆಡ್, ಅಮ್ಮ. ಯಾರು ಅರೆಸ್ಟ್ ಮಾಡ್ತಾರೆ ಅವ್ರನ್ನ?” ಎಂದಳು. ಆಮೇಲೆ ಫೋನು ಕೆಳಗಿಟ್ಟು, “ಬಟ್ ಡೋಂಟ್ ಟೆಲ್. ಅವ್ರ ಸೀಕ್ರೆಟ್ ಅದು, ನಿಂದಲ್ಲ,” ಎಂದಳು.

ಹದಿನಾರರ ಹುಡುಗಿ ಕೆಲವೊಮ್ಮೆ ಸರಿಯಾದ ಮಾತನ್ನೇ ಆಡುತ್ತಾಳೆ. ಅಜ್ಜಿಗೂ ಕೊನೆಗಾಲದಲ್ಲಿ ಮಡಿ ಬಿಡಿ ಎಂದು ಎಲ್ಲರೂ ಹೇಳಿದ್ದರು. ನೋಡುವವರು, ಕೇಳುವವರು ಯಾರೂ ಇರಲಿಲ್ಲ. ಆದರೂ ಅವರು ಒದ್ದೆ ಸೀರೆಯಲ್ಲೇ ನಡುಗುತ್ತ ನಿಲ್ಲುತ್ತಿದ್ದರು. ಯಾರೋ ಹಿಡಿಯುತ್ತಾರೆಂಬ ಭಯಕ್ಕಲ್ಲ. ಬಿಟ್ಟರೆ ತಾನು ತಾನಾಗಿ ಉಳಿಯುವುದಿಲ್ಲವೆಂದು. ಆ ವಾರ ಯೊಹಾನ್ನಾ ಫೋನು ಮಾಡಿ, ಆ ಕಾಲದವರು ಯಾರಾದರೂ ಗೊತ್ತೇ ಎಂದು ಕೇಳಿದಾಗ ನಾನು ಒಲೆಯ ಮೇಲೆ ಹಾಲಿದೆ ಎಂದೆ. ಹಾಲು ಇರಲಿಲ್ಲ.

ಫೆಬ್ರವರಿಯಲ್ಲಿ ಗುನ್ವೋರ್‌ಗೆ ಕೆಮ್ಮು ಹಿಡಿದು ಗುರುವಾರಗಳಿಗೆ ಬರುವುದು ನಿಂತಿತು. ಅವರ ಕುರ್ಚಿಯಲ್ಲಿ ಕೂರಲು ಮಕ್ಕಳು ಯಾರನ್ನೂ ಬಿಡಲಿಲ್ಲ. ಒಂದು ದಿನ ಸೂಪನ್ನು ಥರ್ಮಾಸಿನಲ್ಲಿ ತುಂಬಿಕೊಂಡು, ಜಾರದಂತೆ ಬೂಟಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು, ಮಂಜುಗಟ್ಟಿದ ದಾರಿಯಲ್ಲಿ ವೃದ್ಧಾಶ್ರಮಕ್ಕೆ ಹೋದೆ. ಕಿಟಕಿಯಲ್ಲಿ ಜೆರೇನಿಯಂ ಕುಂಡ, ಗೋಡೆಯ ಮೇಲೆ ತೀರಿಹೋದ ಗಂಡನ ಚಿತ್ರ, ಮಾಲ್ಮೋದಲ್ಲಿರುವ ಮಗನ ಚಿತ್ರ. ಅರ್ಧ ಬಟ್ಟಲು ಕುಡಿದರು.

ಸುತ್ತಿಬಳಸಲು ನನಗೆ ಬರುವುದಿಲ್ಲ. “ಬೇಸಿಗೆಯಲ್ಲಿ ಒಳಗಿನ ಗೋಡೆ ಎಲ್ಲ ತೆಗೀತಾರೆ. ಕಿಂಡಿಯೂ ಹೋಗತ್ತೆ,” ಎಂದೆ. “ಅಲ್ಲಿ ಏನಿತ್ತು ಅಂತ ವಸ್ತುಸಂಗ್ರಹಾಲಯದಿಂದ ಬಂದಿದ್ದ ಹುಡುಗಿಗೆ ಯಾರಾದರೂ ಹೇಳಿದರೆ ಉಳಿಯಬಹುದು ಅಂತೆ. ನಾನು ಯಾರಿಗೂ ಏನೂ ಹೇಳಿಲ್ಲ. ನಿಮಗೆ ಗೊತ್ತಿರಲಿ ಅಂತ ಬಂದೆ, ಅಷ್ಟೆ.”

ಅವರು ಜೆರೇನಿಯಂ ಕಡೆ ತಿರುಗಿದರು. “ಒಳಗೆ ಏನು ಮಾಡ್ತೀನಿ ಅಂತ ಹೊರಗೆ ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದೆ,” ಎಂದರು. “ಗಂಡನಿಗೂ ಹೇಳಲಿಲ್ಲ. ಅವನು ನಾನು ವಿಮೆಯ ಲೆಕ್ಕ ಬರೆದವಳು ಅಂತಲೇ ತಿಳಿದು ಸತ್ತ. ವರ್ಷಾ ವರ್ಷಾ ತೆರಿಗೆಯ ಲೆಕ್ಕ ನನ್ನ ಮುಂದೆ ತಂದಿಡುತ್ತಿದ್ದ. ಲೆಕ್ಕ ನನಗೆ ಬರುತ್ತಲೇ ಇರಲಿಲ್ಲ.”

ನನಗೆ ನಗು ಬಂತು. ಅವರೂ ನಕ್ಕು ಕೆಮ್ಮಿದರು.

“ಈಗ ಹೇಳಿದರೆ ತಪ್ಪಿಲ್ಲ ಅಂತಾರೆ ಎಲ್ಲರೂ,” ಎಂದೆ.

“ಅಂತಾರೆ. ಆದರೆ ನಾನು ಮಾತು ಕೊಟ್ಟದ್ದು ಎಲ್ಲರಿಗಲ್ಲ, ಒಬ್ಬರಿಗೆ. ನಮ್ಮ ಮೇಲಿನವರಿಗೆ. ಅವರು ಸತ್ತು ಎಷ್ಟೋ ಕಾಲ ಆಯಿತು. ಆ ಮಾತಿನಿಂದ ನನ್ನನ್ನು ಬಿಡಿಸಬೇಕಾದವರೇ ಇಲ್ಲವಲ್ಲ, ಸುಮಾ.”

ಬಟ್ಟಲು ತೊಳೆದಿಟ್ಟೆ. ಹೊರಡುವಾಗ ಅವರು, “ಅಲ್ಲಿ ಕೆಲಸ ಚೆನ್ನಾಗಿತ್ತು,” ಎಂದರು. “ಆಮೇಲೆ ಯಾವ ಕೆಲಸವೂ ಅಷ್ಟು ಚೆನ್ನಾಗಿರಲಿಲ್ಲ. ಗೋಡೆ ಹೋದರೆ ಅದು ಎಲ್ಲೂ ಇರಲೇ ಇಲ್ಲ ಅಂತಾಗುತ್ತೆ, ಅಲ್ಲವಾ?” ನಾನು ಬಗ್ಗಿ ಬೂಟು ಕಟ್ಟಿಕೊಂಡೆ.

ಮಾರ್ಚಿನಲ್ಲಿ ಛಾವಣಿಯ ಹಿಮ ಧೊಪ್ಪೆಂದು ಬೀಳತೊಡಗಿತು. ಸರೋವರದ ಮೇಲಿನ ಮಂಜುಗಡ್ಡೆ ಬೂದಿ ಬಣ್ಣಕ್ಕೆ ತಿರುಗಿ, ಒಂದು ಬೆಳಿಗ್ಗೆ ನೋಡಿದರೆ ನೀರು. ಯುಗಾದಿಗೆ ಎಸ್ಕಿಲ್‌ಸ್ಟುನಾದಲ್ಲಿ ಕನ್ನಡದವರೆಲ್ಲ ಸೇರಿ ಹೋಳಿಗೆ ಮಾಡಿದೆವು, ಬೇವಿಲ್ಲದೆ ಯಾವುದೋ ಕಹಿಸೊಪ್ಪಿನ ಎಲೆ ಹಾಕಿ ಬೆಲ್ಲ ತಿಂದೆವು. ಅದೇ ವಾರ ಗುನ್ವೋರ್ ಮತ್ತೆ ಬಂದರು. ಸೂಪು ಮುಗಿಸಿ, ನನ್ನನ್ನು ಕರೆದು ಹೇಳಿದರು:

“ಮುಂದಿನ ಗುರುವಾರ ಆ ವಸ್ತುಸಂಗ್ರಹಾಲಯದ ಹುಡುಗಿ ಊಟಕ್ಕೆ ಬರಲಿ. ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಕೆಲಸಕ್ಕೆ ಬರುವುದಿಲ್ಲ ಅಂತ ಕೊಟ್ಟಿಲ್ಲ.”

ಆ ಗುರುವಾರ ಅವರು ಕಡುನೀಲಿ ಲಂಗ, ಬಿಳಿ ಅಂಗಿ ತೊಟ್ಟು ಬಂದರು. ಯೊಹಾನ್ನಾಳಿಗೆ, “ಬರೀ ನೋಡು. ಏನೂ ಕೇಳಬೇಡ,” ಎಂದಷ್ಟೇ ನಾನು ಹೇಳಿದ್ದೆ. ಮಕ್ಕಳನ್ನು ತೋಟಕ್ಕೆ ಕರೆದೊಯ್ದಿದ್ದರು.

ಗುನ್ವೋರ್ ಮುಂಬಾಗಿಲಿನಿಂದ ಶುರು ಮಾಡಿದರು. ಒಳಗೆ ಬಂದವರು ಎಡಗಡೆ, ಈಗ ಏನೂ ಇಲ್ಲದ ಗೋಡೆಯ ಮುಂದೆ ನಿಂತು, ಚೀಲ ತೆರೆದು ಯಾರಿಗೋ ತೋರಿಸುವಂತೆ ಹಿಡಿದು, ತಲೆಯಾಡಿಸಿ ಮುಂದೆ ನಡೆದರು. ಮೊಗಸಾಲೆಯ ನಡುವೆ ಸ್ವಲ್ಪ ಬಳಸಿ ನಡೆದರು. ಅಲ್ಲಿ ಯಾರೋ ಕಾವಲಿನವ ಕುರ್ಚಿ ಹಾಕಿ ಕೂತಿದ್ದಿರಬೇಕು. ಮಕ್ಕಳು ಮಲಗುವ ಕೋಣೆಗೆ ಹೋದರು, ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿ ಮುಖ ಹಿಂಡಿದರು. ಆಮೇಲೆ ಹೊರಗೆ ಬಂದು, ಬಾಗಿಲೆಳೆದು, ಕೈ ಕೆಳಗಿಳಿಸಿ ಸಮಾಧಾನದ ಮುಖ ಮಾಡಿದರು. ಗೋಡೆಯನ್ನು ಎರಡು ಬಾರಿ ತಟ್ಟಿದರು.

ಯೊಹಾನ್ನಾ ಬಾಯಿ ತೆರೆದವಳು ನನ್ನ ಮುಖ ನೋಡಿ ಮುಚ್ಚಿಕೊಂಡಳು. ಒಳಗೆ ಹೋಗಿ ಗೋಡೆಗೆ ಮೂಗು ಹಚ್ಚಿದಳು. ಚಾಕುವಿನ ತುದಿಯಿಂದ ಮೂಲೆಯ ಹಲಗೆಯನ್ನು ತುಸು ಎತ್ತಿದಳು. ಒಳಗೆ ದಪ್ಪನೆಯ ಬೂದು ಉಣ್ಣೆಯ ಪದರ, ನೆಲದಿಂದ ಸೂರಿನ ತನಕ. ಅಬ್ಬರದ ಯಂತ್ರಗಳ ಸದ್ದು ಹೊರಗೆ ಹೋಗದಿರಲಿ ಎಂದು ತುಂಬಿದ್ದು. ನಾವು ಸುಮ್ಮನೆ ಟೊಪ್ಪಿ ಒಗೆದದ್ದೇ ಬಂತು.

ಕೊನೆಗೆ ಊಟದ ಕೋಣೆ. ಗುನ್ವೋರ್ ತಮ್ಮ ಕುರ್ಚಿಯಲ್ಲಿ ಕೂತು ನನಗೆ ಕೈಸನ್ನೆ ಮಾಡಿದರು. ನಾನು ಅಡುಗೆಮನೆಗೆ ಓಡಿದೆ. ಟಕ್‌ ಟಕ್. ಪ್ಯಾನ್‌ಕೇಕಿನ ತಟ್ಟೆ ಇಟ್ಟೆ, ಬಾಗಿಲು ಮುಚ್ಚಿದೆ, ಟಕ್‌ ಟಕ್. ಉಳಿದದ್ದನ್ನು ಯೊಹಾನ್ನಾಳೇ ಆಮೇಲೆ ಹೇಳಿದಳು. ಅವರು ಪ್ಯಾನ್‌ಕೇಕನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ, ಒಂದೊಂದನ್ನೂ ಒತ್ತಿ, ತಟ್ಟೆಯ ಮೇಲೆ ಸಾಲು ಸಾಲಾಗಿ ಜೋಡಿಸಿದರಂತೆ. ಯಂತ್ರದಿಂದ ಬಂದ ಕಾಗದದ ಪಟ್ಟಿಗಳನ್ನು ಹಾಳೆಯ ಮೇಲೆ ಅಂಟಿಸುವ ಕೆಲಸ. ಜೋಡಿಸಿ ಮುಗಿಸಿ ತಟ್ಟೆಯನ್ನು ಕಿಂಡಿಗೆ ಇಟ್ಟರು. ಈ ಕೋಣೆಯವರು ಆ ಕೋಣೆಯವರನ್ನು ನೋಡಬಾರದು, ಅದಕ್ಕೇ ಎರಡು ಬಾಗಿಲು.

ತಟ್ಟೆ ನನ್ನ ಕಡೆ ಬಂತು. ತೆಗೆದುಕೊಂಡೆ ಎಂದು ಎರಡು ಸಲ ಬಡಿದೆ. ಆ ಕಡೆಯಿಂದ ಗುನ್ವೋರ್ ದನಿ ಕೇಳಿಸಿತು: “ನಾನು ಏನೂ ಹೇಳಲಿಲ್ಲ, ನೋಡು.”

“ಒಂದು ಮಾತೂ ಇಲ್ಲ,” ಎಂದಳು ಯೊಹಾನ್ನಾ.

ಆಮೇಲೆ ಅವಳು ಸಹಾಯಕರನ್ನು ಕರೆತಂದು ಗೋಡೆ ಪರೀಕ್ಷಿಸಿದಳು, ಮರದ ವಯಸ್ಸು ನೋಡಿಸಿದಳು, ತನ್ನ ವರದಿ ಬರೆದಳು. ಕಾಯುವುದೊಂದೇ ನಮ್ಮ ಕೆಲಸ. ಗಿರೀಶ ಕಿಂಡಿಯ ಅಗುಳಿಯನ್ನು ನೋಡಲೇಬೇಕೆಂದು ರಜೆ ಹಾಕಿ ಬಂದು, ಟಾರ್ಚು ಹಿಡಿದು, “ಏರ್‌ಲಾಕ್ ಅಂತ ನಾನು ಹೇಳಿರಲಿಲ್ವಾ?” ಎಂದ. “ಮಡಿ ಅಂತ ನಾನೂ ಹೇಳಿದ್ದೆ,” ಎಂದೆ.

ಜೂನ್ ಕೊನೆಯ ಮಿಡ್‌ಸಮ್ಮರ್ ಹಬ್ಬಕ್ಕೆ ಮೊದಲಿನ ವಾರ ತೀರ್ಮಾನ ಬಂತು. ಕಿಂಡಿ, ಅದರ ಎರಡು ಕಡೆಯ ಕೋಣೆಗಳು, ಉಣ್ಣೆಯ ಕೋಣೆ, ಮೊಗಸಾಲೆ ಇದ್ದ ಹಾಗೇ ಉಳಿಯುತ್ತವೆ. ಮೇಲಂತಸ್ತನ್ನು ಬೇಕಾದಂತೆ ಬದಲಿಸಿಕೊಳ್ಳಬಹುದು. ನನಗೆ ಅಷ್ಟು ಸಾಕಾಗಿತ್ತು. ಮಾರನೆಯ ದಿನವೇ ಆ ಮನೆಯಲ್ಲಿ ನಮ್ಮ ಕೊನೆಯ ಗುರುವಾರ. ಅರ್ಧ ಪಾತ್ರೆಗಳು ಆಗಲೇ ಪೆಟ್ಟಿಗೆ ಸೇರಿದ್ದವು.

ಊಟದ ನಡುವೆ ನಾನು ಹೋಗಿ ಗುನ್ವೋರ್ ಮುಂದೆ ನಿಂತೆ. ಇಷ್ಟು ಗುರುವಾರ ಬಂದರೂ ಅವರು ಅಡುಗೆಮನೆಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ನಾನು ಕರೆದಾಗಲೆಲ್ಲ ಮೊಣಕಾಲಿನ ನೆಪ ಹೇಳುತ್ತಿದ್ದರು.

“ಕಾಫಿ ಒಳಗೆ ಕೊಡ್ತೀನಿ, ಬನ್ನಿ,” ಎಂದೆ.

“ಆ ಕಡೆಗೆ ನಮಗೆ ಅಪ್ಪಣೆ ಇರಲಿಲ್ಲ.”

“ಈಗ ಅದು ನನ್ನ ಅಡುಗೆಮನೆ. ನಾನು ಅಪ್ಪಣೆ ಕೊಟ್ಟೆ.”

ಕೋಲು ಊರಿ ಎದ್ದರು. ಹೊಸ್ತಿಲ ಬಳಿ ಒಂದು ಗಳಿಗೆ ನಿಂತು, ದಾಟಿದರು. ಒಲೆ, ಸಿಂಕು, ಪೆಟ್ಟಿಗೆಗಳು, ನನ್ನ ಇಂಗಿನ ಡಬ್ಬಿ, ಎಲ್ಲವನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಕಣ್ಣು ಗೋಡೆಯ ತುಂಬ ಹಬ್ಬಿದ ದೊಡ್ಡ ಕಿಟಕಿಯ ಮೇಲೆ ನಿಂತಿತು. ಹೊರಗೆ ಬರ್ಚ್ ಮರಗಳು, ಅವುಗಳಾಚೆ ಸರೋವರ, ನೀರಿನ ಮೇಲೆ ಜೂನ್ ತಿಂಗಳ ಬಿಸಿಲು.

“ಈ ಕೋಣೆಯವರಿಗೆ ಕಿಟಕಿ ಇತ್ತು,” ಎಂದರು. ಊಟದ ಕೋಣೆಗೆ ಎತ್ತರದ ಎರಡು ಬೆಳಕಿಂಡಿಗಳು ಬಿಟ್ಟರೆ ಏನೂ ಇಲ್ಲ. “ನಾವು ಅಲ್ಲಿ ದೀಪದ ಕೆಳಗೆ ಕಣ್ಣು ಸುಟ್ಟುಕೊಂಡು ಕೂತಿದ್ದರೆ, ಇವರಿಗೆ ಕಿಟಕಿ ಇತ್ತು. ಸರೋವರ ಇತ್ತು.”

ಅವರ ಸಿಟ್ಟು ನಿಜವಾದದ್ದೇ. ಕಿಟಕಿಯ ಪಕ್ಕ ಸ್ಟೂಲು ಹಾಕಿದೆ, ಕೂತರು. ಕಾಫಿ ಕೊಟ್ಟೆ. ಅವರು ಗುಟುಕರಿಸುತ್ತ ನೀರನ್ನು ನೋಡುತ್ತಲೇ ಇದ್ದರು, ಮುಖ ಮೆಲ್ಲಗೆ ಸಡಿಲಾಯಿತು.

ಆಗ ಕಿಂಡಿಯ ಆ ಕಡೆಯಿಂದ ಮಕ್ಕಳು ಬಡಿದವು. ಟಕ್‌ ಟಕ್. ಇನ್ನೊಂದು ಪ್ಯಾನ್‌ಕೇಕ್ ಬೇಕಿತ್ತು. ನಾನು ತಟ್ಟೆ ಎತ್ತಿಕೊಂಡೆ.

ಗುನ್ವೋರ್ ತಿರುಗಿ ನೋಡಲಿಲ್ಲ. ಕಾಫಿಯ ಲೋಟ ಎರಡೂ ಕೈಯಲ್ಲಿ ಹಿಡಿದು, “ಕಾಯಲಿ ಸ್ವಲ್ಪ,” ಎಂದರು.